ನಾಯಿ ತೀರಿಹೋದ ಮನೆಗೆ ಹೊಸ ಮರಿ: ತರುವ ಮೊದಲು, ತಂದ ಮೇಲೆ

ಮನೆಯ ನಾಯಿ ತೀರಿಹೋದ ಮೇಲೆ ಎಷ್ಟು ದಿನ ಬಿಟ್ಟು ಇನ್ನೊಂದು ಮರಿ ತರಬಹುದು ಎಂದು ಪಶುವೈದ್ಯರನ್ನು ಕೇಳಿದರೆ, ಅವರು ಮೊದಲು ಕೇಳುವುದು ಹಳೆಯದು ಏನಾಗಿ ಹೋಯಿತು ಎಂದು. ವಯಸ್ಸಾಗಿಯೋ, ಕಿಡ್ನಿ ಕೈಕೊಟ್ಟೋ, ಗಡ್ಡೆ ಬೆಳೆದೋ ಹೋಗಿದ್ದರೆ ಮನೆಯ ಕಡೆಯಿಂದ ಕಾಯುವ ಕಾರಣವಿಲ್ಲ. ಕಾಯುವುದೇನಿದ್ದರೂ ಮನೆಯವರ ಮನಸ್ಸಿಗಾಗಿ. ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳು, ಇಲಿಜ್ವರ, ಇಲ್ಲವೇ ಉಣ್ಣೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು) ಹರಡುವ ಉಣ್ಣೆಜ್ವರದಿಂದ ಹೋಗಿದ್ದರೆ ಲೆಕ್ಕ ಬೇರೆ. ನಾಯಿ ಹೋದರೂ ಅದರ ರೋಗ ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ, ಹಿತ್ತಲ ಮಣ್ಣಿನಲ್ಲಿ ಉಳಿದಿರಬಹುದು. ಎರಡು ತಿಂಗಳ ಮರಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ರೋಗ ಉಳಿದ ಮನೆ

ಇವುಗಳಲ್ಲಿ ಹಟಮಾರಿ ಪಾರ್ವೊ. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕುತ್ತದೆ. ಫಿನಾಯಿಲ್, ಡೆಟ್ಟಾಲ್, ಸೋಪು ನೀರು, ಯಾವುದಕ್ಕೂ ಅದು ಜಗ್ಗುವುದಿಲ್ಲ. ಕೊಲ್ಲುವುದು ಬ್ಲೀಚ್. ಮೊದಲು ನೆಲವನ್ನು ಸೋಪು ಹಾಕಿ ತಿಕ್ಕಿ, ಅಂಟಿದ ಕೊಳೆ, ಮಲದ ಕಲೆ ಪೂರ್ತಿ ತೆಗೆಯಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗಿ ವೈರಸ್ ಉಳಿಯುತ್ತದೆ. ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 35 ಮಿಲಿಯಷ್ಟು, ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬೆರೆಸಿ ಹರಡಿ. ಕನಿಷ್ಠ 10 ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಫ್ಯಾನ್ ಹಾಕಿ ಎರಡೇ ನಿಮಿಷಕ್ಕೆ ಒಣಗಿಸಿದರೆ ಕೆಲಸವಾಗಲಿಲ್ಲ ಎಂದೇ ಅರ್ಥ. ಕೊನೆಗೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಬ್ಲೀಚನ್ನು ಆಯಾ ದಿನವೇ ಕಲಸಿಕೊಳ್ಳಿ, ನಿನ್ನೆಯ ಬಕೆಟ್ಟಿನ ನೀರಿನಲ್ಲಿ ಬಲ ಉಳಿದಿರುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಜೊತೆ ಅದನ್ನು ಬೆರೆಸಲೇಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಮಣ್ಣಿಗೆ, ಹುಲ್ಲಿಗೆ, ಸೋಫಾದ ಬಟ್ಟೆಗೆ ಈ ವಿದ್ಯೆ ನಡೆಯುವುದಿಲ್ಲ. ಹಿತ್ತಲಿದ್ದರೆ ಬಿಸಿಲು ಬೀಳುವಂತೆ ಗಿಡಗಳನ್ನು ಸವರಿ, ಮರಿಯನ್ನು ಅಲ್ಲಿಗೆ ಬಿಡಬೇಡಿ. ಪಾರ್ವೊದಿಂದ ನಾಯಿ ಹೋದ ಮನೆಗೆ, ವಿಶೇಷವಾಗಿ ಅಂಗಳ ಇರುವ ಮನೆಗೆ, ಲಸಿಕೆ ಮುಗಿಯದ ಮರಿ ತರುವುದಕ್ಕಿಂತ ಎಲ್ಲ ಲಸಿಕೆ ಆಗಿರುವ ನಾಲ್ಕೈದು ತಿಂಗಳ ಮರಿಯನ್ನೋ ಬೆಳೆದ ನಾಯಿಯನ್ನೋ ತರುವುದೇ ಜಾಣತನ.

ಡಿಸ್ಟೆಂಪರ್ ವೈರಸ್ ಇದಕ್ಕೆ ತದ್ವಿರುದ್ಧ. ಬಿಸಿಲು, ಒಣಹವೆ, ಸಾಮಾನ್ಯ ಸೋಪಿಗೇ ಸಾಯುತ್ತದೆ. ಆದರೆ ಮನೆಯಲ್ಲಿ ಇನ್ನೊಂದು ನಾಯಿಯೂ ಅದೇ ಸಮಯದಲ್ಲಿ ಹುಷಾರಿಲ್ಲದೆ ಚೇತರಿಸಿಕೊಂಡಿದ್ದರೆ, ಅದು ಕೆಲವು ವಾರಗಳಿಂದ ತಿಂಗಳುಗಳವರೆಗೆ ವೈರಸ್ ಹೊರಬಿಡುತ್ತಿರಬಹುದು. ಡಾಕ್ಟರು ಹೇಳುವವರೆಗೆ ಮರಿ ಬೇಡ. ಇಲಿಜ್ವರ ಎಂದು ಕರೆಯುವ ಲೆಪ್ಟೊ ಇಲಿ, ಹೆಗ್ಗಣಗಳ ಮೂತ್ರದಿಂದ ಬರುವುದು, ನಿಂತ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ಉಳಿಯುವುದು. ಮನುಷ್ಯರಿಗೂ ಅಂಟುತ್ತದೆ. ಚರಂಡಿಯ ಬಾಯಿಗೆ ಜಾಲರಿ ಹಾಕಿಸಿ, ಹೆಗ್ಗಣದ ಬಿಲ ಮುಚ್ಚಿಸಿ, ಮಳೆಗಾಲಕ್ಕೆ ಮೊದಲೇ. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಮರಿಯ ಮಾತು ಪಕ್ಕಕ್ಕಿಡಿ, ಮನೆಯವರೆಲ್ಲ ಅದೇ ದಿನ ಆಸ್ಪತ್ರೆಗೆ ಹೋಗಿ.

ಬೆಂಗಳೂರಿನಲ್ಲಿ ಜನ ಅಸಡ್ಡೆ ಮಾಡುವುದು ಉಣ್ಣೆಯನ್ನು. ಉಣ್ಣೆಜ್ವರದಿಂದ ನಾಯಿ ಹೋದ ಮೇಲೆ ಮನೆ ಎರಡು ತಿಂಗಳು ಖಾಲಿ ಇದೆಯಲ್ಲ, ಉಣ್ಣೆಗಳೆಲ್ಲ ಹಸಿದು ಸತ್ತಿರುತ್ತವೆ ಎಂದುಕೊಳ್ಳುತ್ತಾರೆ. ಬೆಳೆದ ಉಣ್ಣೆ ರಕ್ತ ಕುಡಿಯದೆ ವರ್ಷಕ್ಕಿಂತ ಹೆಚ್ಚು ಕಾಲ ಕಾಯಬಲ್ಲದು, ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಅವು ನೆಲದಲ್ಲಿ ಮಾತ್ರ ಇರುವುದಿಲ್ಲ. ಗೋಡೆ ಹತ್ತಿ ಕರ್ಟನ್ ಮಡಿಕೆ, ಸ್ವಿಚ್ ಬೋರ್ಡಿನ ಹಿಂದೆ, ಮಂಚದ ಕೀಲು, ಸೂರಿನ ಮೂಲೆಯಲ್ಲಿ ಕೂರುತ್ತವೆ. ಹಳೆಯ ಹಾಸಿಗೆ, ಗೋಣಿಚೀಲಗಳನ್ನು ಬಿಸಾಡಿ. ಬಟ್ಟೆಗಳನ್ನು ಕುದಿನೀರಿನಲ್ಲಿ ಅದ್ದಿ ಒಗೆಯಿರಿ. ಬಿರುಕುಗಳಿಗೆ ವೈಟ್ ಸಿಮೆಂಟ್ ತುಂಬಿಸಿ. ಕೀಟನಾಶಕ ಹೊಡೆಸುವುದಾದರೆ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಔಷಧಿ ಮೊಟ್ಟೆಗೆ ತಾಗದೆ ಇರಬಹುದು, ಆ ಮೊಟ್ಟೆ ಒಡೆದು ಮರಿ ಉಣ್ಣೆ ಬಂದ ಮೇಲೆ, ಅಂದರೆ ಎರಡು–ಮೂರು ವಾರ ಬಿಟ್ಟು ಇನ್ನೊಮ್ಮೆ ಬೇಕೇ ಬೇಕು. ಇವೆಲ್ಲ ಮರಿ ಬರುವ ಮೊದಲೇ ಮುಗಿಯಬೇಕಾದ ಕೆಲಸಗಳು, ಔಷಧಿ ಹೊಡೆದ ನೆಲವನ್ನು ಮರಿ ನೆಕ್ಕುತ್ತದೆ.

ನಿಮ್ಮ ನೆನಪಿನಲ್ಲಿರುವುದು ಮುದಿ ನಾಯಿ

ಮರಿ ತಂದು ತಿಂಗಳೊಳಗೆ ಬೇಸತ್ತು ಮರಳಿಸಲು ಹೊರಡುವ ಮನೆಗಳಲ್ಲಿ ತಪ್ಪು ಸಾಮಾನ್ಯವಾಗಿ ಒಂದೇ. ಅವರು ತಂದದ್ದು ಮರಿ, ಕಾದದ್ದು ಹಳೆಯ ನಾಯಿಗೆ. ಹನ್ನೆರಡು ವರ್ಷ ಜೊತೆಗಿದ್ದು ಹೋದ ನಾಯಿಯ ಕೊನೆಯ ಐದಾರು ವರ್ಷಗಳೇ ಮನಸ್ಸಿನಲ್ಲಿ ಕೂತಿರುತ್ತವೆ. ಕರೆದರೆ ಬರುವುದು, ಗೇಟು ತೆರೆದಿದ್ದರೂ ಓಡದಿರುವುದು, ಯಜಮಾನರ ಹೆಜ್ಜೆ ಸದ್ದಿಗೆ ಏಳುವುದು. ಅದೂ ಒಂದು ಕಾಲಕ್ಕೆ ಚಪ್ಪಲಿ ಹರಿದಿತ್ತು, ದೇವರಕೋಣೆ ಬಾಗಿಲಲ್ಲಿ ಉಚ್ಚೆ ಹೊಯ್ದಿತ್ತು ಎಂಬುದು ಮರೆತೇ ಹೋಗಿರುತ್ತದೆ. ಮರಿ ನೋಡಲು ಹೊರಡುವ ಮೊದಲು ಮನೆಯವರೆಲ್ಲ ಕೂತು ಹಳೆಯ ನಾಯಿಯ ಮೊದಲ ವರ್ಷವನ್ನು ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆಯುವುದು ಒಳ್ಳೆಯದು. ಹಳೆಯ ಫೋಟೊಗಳಿದ್ದರೆ ಆ ವರ್ಷದವನ್ನೇ ತೆಗೆದು ನೋಡಿ.

ದುಃಖಕ್ಕೆ ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ಮನಸ್ಸು ತಯಾರಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಉಂಟು: ಬೇರೆ ತಳಿ, ಬೇರೆ ಬಣ್ಣ, ಬೇರೆ ಸ್ವಭಾವದ ಮರಿಯೊಂದನ್ನು ಕಲ್ಪಿಸಿಕೊಂಡಾಗಲೂ ಬೇಕೆನಿಸುತ್ತದೆಯೇ? ಅದೇ ಕಿವಿ, ಅದೇ ಬೊಟ್ಟು ಇರುವುದೇ ಬೇಕೆನಿಸುತ್ತಿದ್ದರೆ ಇನ್ನೂ ಸ್ವಲ್ಪ ತಡೆಯಿರಿ. ಮನೆಯಲ್ಲಿ ಒಬ್ಬರು ಇನ್ನೂ ಅಳುತ್ತಿರುವಾಗ ಅವರಿಗೆ ‘ಸರ್‌ಪ್ರೈಸ್’ ಎಂದು ಮರಿ ತಂದು ಮಡಿಲಿಗೆ ಹಾಕುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ಮಕ್ಕಳಿಗೆ ‘ನಮ್ಮ ರಾಜನೇ ತಿರುಗಿ ಬಂದ’ ಎನ್ನಬೇಡಿ, ಹಳೆಯ ಹೆಸರನ್ನೇ ಇಡಲೂ ಬೇಡಿ. ಆ ಹೆಸರು ಕೂಗಿದಾಗಲೆಲ್ಲ ಮನೆಯವರು ಹಳೆಯ ನಡತೆಯನ್ನೇ ಎದುರು ನೋಡುತ್ತಾರೆ, ಮರಿ ದಿನಕ್ಕೆ ಹತ್ತು ಸಲ ಸೋಲುತ್ತದೆ.

ಇನ್ನೊಂದು ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನ ಮರಿ ಬಂದಾಗ ಅಪ್ಪನಿಗೆ 55, ಈಗ 68. ಈಗಿನ ಮರಿ ಮುದಿಯಾಗುವ ಹೊತ್ತಿಗೆ ಅವರು 80 ದಾಟಿರುತ್ತಾರೆ. ಲ್ಯಾಬ್ರಡಾರ್ ಒಂದು ವರ್ಷಕ್ಕೇ 25ರಿಂದ 30 ಕಿಲೊ ತೂಗುತ್ತದೆ. ಬೀದಿಯಲ್ಲಿ ಬೆಕ್ಕು ಕಂಡು ಒಮ್ಮೆ ಚೈನು ಎಳೆದರೆ ಹಿರಿಯರ ಸೊಂಟದ ಮೂಳೆಗೆ ಅಷ್ಟೇ ಸಾಕು. ಹಗಲು ಮನೆಯಲ್ಲಿರುವವರು ಹಿರಿಯರೇ ಆದರೆ, ಮೂರ್ನಾಲ್ಕು ವರ್ಷದ, ಸ್ವಭಾವ ಗೊತ್ತಿರುವ ಸಾಧು ನಾಯಿಯನ್ನು ದತ್ತು ತನ್ನಿ.

ಎಲ್ಲಿಂದ ತರುವುದು

ದತ್ತು ಕೊಡುವ ಸಂಸ್ಥೆಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಯಲಹಂಕ ಕಡೆಯ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಕರುಣಾ, ಹೀಗೆ. ಅವರು ಮನೆ ನೋಡಲು ಬರುತ್ತೇವೆ, ಬಾಲ್ಕನಿಯ ಫೋಟೊ ಕಳಿಸಿ, ಸಂತಾನಹರಣದ ಒಪ್ಪಂದಕ್ಕೆ ಸಹಿ ಹಾಕಿ ಎಂದರೆ ಸಿಡುಕಬೇಡಿ. ಏನೂ ಕೇಳದೆ ಮರಿ ಕೈಗಿಡುವವರ ಬಗ್ಗೆಯೇ ಎಚ್ಚರ ಬೇಕಾದದ್ದು. ಬೀದಿಯ ಮರಿಯನ್ನೇ ಸಾಕುವುದು ಪುಣ್ಯದ ಕೆಲಸ, ಆದರೆ ತಾಯಿ ಇದ್ದರೆ ಎಂಟು ವಾರದವರೆಗೆ ತಾಯಿಯ ಬಳಿಯೇ ಬಿಟ್ಟು, ಅಲ್ಲಿಗೇ ಹೋಗಿ ಊಟ ಹಾಕಿ. ನಾಲ್ಕು ವಾರಕ್ಕೇ ಎತ್ತಿ ತಂದ ಮರಿ, ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಒಡಹುಟ್ಟಿದವುಗಳಿಂದ ಕಲಿತಿರುವುದಿಲ್ಲ.

ಕೊಳ್ಳುವುದೇ ಆದರೆ ಕಾನೂನು ತಿಳಿದಿರಲಿ. 2017ರ ಶ್ವಾನ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ (ಮರಿ ಹಾಕಿಸಿ ಮಾರುವವರು) ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಗುರುತಿನ ಸಂಖ್ಯೆ ಇರುವ ಮೈಕ್ರೊಚಿಪ್ ಅನ್ನು ಚರ್ಮದಡಿ ಹಾಕಿರಬೇಕು. ತಾಯಿ ನಾಯಿಯನ್ನು ಅದು ಇರುವ ಜಾಗದಲ್ಲೇ ನೋಡಲು ಕೇಳಿ. ‘ತಾಯಿ ಫಾರ್ಮಿನಲ್ಲಿದೆ, ಮರಿಯನ್ನು ಮೆಟ್ರೊ ಸ್ಟೇಷನ್ ಹತ್ತಿರ ತಂದುಕೊಡ್ತೀವಿ, ಅಡ್ವಾನ್ಸ್ ಯುಪಿಐ ಮಾಡಿ’ ಎಂದರೆ ಫೋನ್ ಇಡಿ. ತಳಿಯನ್ನು ದಾಖಲಿಸುವ ಕೆನಲ್ ಕ್ಲಬ್ ಕಾಗದದ ಮೇಲಿನ ಚಿಪ್ ಸಂಖ್ಯೆ, ಡಾಕ್ಟರ ಸ್ಕ್ಯಾನರಿನಲ್ಲಿ ಬರುವ ಸಂಖ್ಯೆ ಒಂದೇ ಇರಬೇಕು. ಹಳೆಯ ನಾಯಿ ಸೊಂಟದ ಕೀಲು ಸವೆದೋ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದೋ ಹೋಗಿದ್ದರೆ ಅದೇ ಬ್ರೀಡರಿನ ಅದೇ ಸಾಲಿನ ಮರಿ ಬೇಡ. ಇಂಥವು ವಂಶದಲ್ಲಿ ಇಳಿದು ಬರುವುದುಂಟು.

ತಳಿಯ ಮೋಹದ ಬಗ್ಗೆ ಒಂದು ಮಾತು. ನಮ್ಮದೇ ಮುಧೋಳ ನಾಯಿ ಚೆಂದ, ನಿಜ, ಆದರೆ ಅದು ಓಡಲು ಹುಟ್ಟಿದ್ದು. ಬೆಳ್ಳಂದೂರಿನ ಏಳನೇ ಮಹಡಿಯ ಎರಡು ಕೋಣೆಯ ಫ್ಲಾಟಿನಲ್ಲಿ ಅದನ್ನು ಕೂಡಿಹಾಕುವುದು ಅಭಿಮಾನ ಅಲ್ಲ. ಹಿಮದ ನಾಡಿನ ಹಸ್ಕಿಯ ಬಗ್ಗೆ ಹೇಳುವುದೇ ಬೇಡ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆಸಿ, ಹಳೆಯ ನಾಯಿಗೆ ಬಾಯಿಮಾತಿನಲ್ಲಿ ಸಿಕ್ಕ ಒಪ್ಪಿಗೆ ಹೊಸದಕ್ಕೆ ನಡೆಯದಿರಬಹುದು. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ.

ಮನೆ ತಯಾರಿ

ನೆಲದ ಮೇಲೆ ಮಂಡಿಯೂರಿ ಮರಿಯ ಎತ್ತರದಲ್ಲಿ ಇಡೀ ಮನೆ ಸುತ್ತಿ. ಮುದಿ ನಾಯಿ ಇದ್ದಾಗ ತೊಂದರೆಯೇ ಆಗದಿದ್ದ ವಸ್ತುಗಳು ಕಣ್ಣಿಗೆ ಬೀಳುತ್ತವೆ: ಯುಪಿಎಸ್ಸಿನ ವೈರು, ಸೊಳ್ಳೆಬತ್ತಿ, ಸೋಫಾ ಕೆಳಗಿನ ಕಾಲುಚೀಲ. ಗೇಟಿನ, ಬಾಲ್ಕನಿಯ ಸರಳುಗಳ ನಡುವೆ ನಿಮ್ಮ ಮುಷ್ಟಿ ತೂರಿದರೆ ಮರಿಯ ತಲೆಯೂ ತೂರುತ್ತದೆ, ಕೆಳಗಿನ ಎರಡಡಿಗೆ ಜಾಲರಿ ಕಟ್ಟಿ. ಸಂಪಿನ ಮುಚ್ಚಳ ಗಟ್ಟಿಯಾಗಿದೆಯೇ ನೋಡಿ. ನೀರಿನ ಟ್ಯಾಂಕರ್ ಬಂದ ದಿನ ಅದು ತೆರೆದೇ ಇರುತ್ತದೆ, ಆಗ ಮರಿ ಒಳಗಿರಲಿ. ಪೂಜೆಗೆಂದು ಬೆಳೆಸಿದ ಕಣಗಿಲೆ ಗಿಡದ ಎಲೆ, ಹೂವು, ಕಾಂಡ ಎಲ್ಲವೂ ಹೃದಯಕ್ಕೆ ವಿಷ. ಇಲಿಪಾಷಾಣವನ್ನು ನೀವು ಇಡದಿದ್ದರೂ ಪಕ್ಕದ ಮನೆಯವರು, ಸಂಘದವರು ಇಟ್ಟಿದ್ದಾರೆಯೇ ಎಂದು ಕೇಳಿ. ನೆಲ ಒರೆಸುವ ಕಪ್ಪು ಫಿನಾಯಿಲ್ ನಿಲ್ಲಿಸಿ, ಪಾದಕ್ಕೆ ಅಂಟಿದ್ದನ್ನು ಮರಿ ನೆಕ್ಕಿದರೆ ಹೊಟ್ಟೆ ಸುಡುತ್ತದೆ.

ಹಳೆಯ ನಾಯಿಯ ಸಾಮಾನುಗಳಲ್ಲಿ ಸ್ಟೀಲ್ ತಟ್ಟೆಯನ್ನು ಕುದಿನೀರಿನಲ್ಲಿ ತೊಳೆದು ಬಳಸಬಹುದು. ಅಂಟುರೋಗವಿದ್ದ ನಾಯಿಯದಾದರೆ ಮೇಲೆ ಹೇಳಿದ ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆದು, ಆಮೇಲೆ. ಬೆಲ್ಟು, ಹಾಸಿಗೆ ಹೊಸದಿರಲಿ, ಹಳೆಯ ಬೆಲ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಉಳಿದ ಔಷಧಿಗಳನ್ನು ಮಾತ್ರ ಇವತ್ತೇ ತೆಗೆಯಿರಿ. 30 ಕಿಲೊ ನಾಯಿಯ ನೋವಿನ ಮಾತ್ರೆ, ಉಣ್ಣೆಯ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು 3 ಕಿಲೊ ಮರಿಗೆ ಕೊಟ್ಟು ಆಸ್ಪತ್ರೆ ಸೇರಿಸುವುದು ಬೇಕಿಲ್ಲದ ಸಂಕಟ. ದನಗಳ ಉಣ್ಣೆಗೆ ಹೊಡೆಯುವ ಔಷಧಿಯೂ ಮರಿಗೆ ಬೇಡ.

ದಿನ ಆರಿಸುವಾಗ ದೀಪಾವಳಿಯ ಹಿಂದುಮುಂದಿನ ಎರಡು ವಾರ, ಗಣೇಶನ ಹಬ್ಬ, ಮನೆಯ ಮದುವೆ, ಮಕ್ಕಳ ಪರೀಕ್ಷೆ ಬಿಡಿ. ಇಬ್ಬರೂ ಆಫೀಸಿಗೆ ಹೋಗುವವರಾದರೆ ಮೊದಲ ಹತ್ತು ದಿನ ಒಬ್ಬರು ಮನೆಯಲ್ಲಿರಲೇಬೇಕು.

ಮೊದಲ ದಿನಗಳು

ಕಾರಿನಲ್ಲಿ ತರುವಾಗ ಹೊಟ್ಟೆ ತುಂಬ ತಿನ್ನಿಸಬೇಡಿ, ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕು ವಾಂತಿಯಾಗುತ್ತದೆ. ತಾಯಿಯ ಬಳಿ ಹಾಸಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತಂದು ಮರಿಯ ಜೊತೆಗಿಡಿ. ಮನೆಗೆ ಬಂದ ಕೂಡಲೇ ಮೊದಲು ಉಚ್ಚೆಯ ಜಾಗ ತೋರಿಸಿ, ಆಮೇಲೆ ಒಂದೇ ಕೋಣೆ. ನೆಂಟರು, ನೆರೆಯವರ ದರ್ಶನವನ್ನು ಮುಂದಿನ ಭಾನುವಾರಕ್ಕೆ ತಳ್ಳಿ. ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು, ಎಬ್ಬಿಸಿ ಆಡಿಸಿದ ಮರಿಯೇ ಸಂಜೆ ಹುಚ್ಚೆದ್ದು ಕಚ್ಚುವುದು. ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಮಲಗಿಸಿ. ‘ಅಭ್ಯಾಸವಾಗಲಿ’ ಎಂದು ಯುಟಿಲಿಟಿಯಲ್ಲಿ ಕಟ್ಟಿ ಅಳಲು ಬಿಟ್ಟರೆ ಒಂಟಿತನದ ಭಯ ಮಾತ್ರ ಅಭ್ಯಾಸವಾಗುತ್ತದೆ.

ಉಚ್ಚೆಯ ಪಾಠಕ್ಕೆ ಗಡಿಯಾರವೇ ಗುರು. ಎದ್ದ ಕೂಡಲೇ, ತಿಂದ 10–15 ನಿಮಿಷಕ್ಕೆ, ಆಟ ಮುಗಿದಾಗ, ಹಗಲಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ. ಸರಿಯಾದ ಜಾಗದಲ್ಲಿ ಮಾಡಿದ ಎರಡು ಸೆಕೆಂಡಿನೊಳಗೆ ತಿಂಡಿ. ತಪ್ಪಾದರೆ ಮೂತಿ ಉಜ್ಜುವುದು, ಪೇಪರ್ ಸುತ್ತಿ ಹೊಡೆಯುವುದು ಬೇಡ. ಅದರಿಂದ ಮರಿ ಕಲಿಯುವುದು ನಿಮಗೆ ಕಾಣದಂತೆ ಸೋಫಾ ಹಿಂದೆ ಮಾಡುವುದನ್ನು. ಆ ಜಾಗವನ್ನು ಎಂಜೈಮ್ ಇರುವ ಕ್ಲೀನರಿನಿಂದ ಒರೆಸಿ, ವಾಸನೆ ಉಳಿದರೆ ಮತ್ತೆ ಅಲ್ಲೇ ಹೋಗುತ್ತದೆ.

ಊಟ: ಅದು ಮೊದಲು ತಿನ್ನುತ್ತಿದ್ದುದನ್ನೇ ಮೂರು ದಿನ ಕೊಟ್ಟು, ಮುಂದಿನ ಒಂದು ವಾರದಲ್ಲಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬದಲಿಸಿ. ಸುಮಾರು 3 ಕಿಲೊ ತೂಗುವ ಎಂಟು ವಾರದ ಮರಿಗೆ ಮರಿಗಳ ಒಣ ಆಹಾರ ದಿನಕ್ಕೆ ಅಂದಾಜು 120 ಗ್ರಾಂ, ನಾಲ್ಕು ಪಾಲು ಮಾಡಿ. ಪೊಟ್ಟಣದ ಮೇಲಿನ ಪಟ್ಟಿ ನೋಡಿ, ವಾರಕ್ಕೊಮ್ಮೆ ತೂಗಿ ಹೆಚ್ಚುಕಮ್ಮಿ ಮಾಡಿ. ನಾಲ್ಕು ತಿಂಗಳಿಗೆ ದಿನಕ್ಕೆ ಮೂರು ಸಲ, ಆರಕ್ಕೆ ಎರಡು ಸಲ. ಮುದಿ ನಾಯಿ ಅನ್ನ ಮೊಸರಿನಲ್ಲೇ ಖುಷಿಯಾಗಿತ್ತು, ಇರಬಹುದು, ಬೆಳೆಯುವ ಮೂಳೆಗೆ ಅದು ಸಾಲದು. ಹಾಗೆಂದು ಒಳ್ಳೆಯ ಮರಿ ಆಹಾರದ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿಯುವುದೂ ತಪ್ಪು. ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಮೂಳೆ, ಕೀಲುಗಳನ್ನು ಕೆಡಿಸುತ್ತದೆ. ಅಂಗಡಿಯವರು ಕೊಟ್ಟರೂ ವಾಪಸ್ ಇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಬೇಡ. ಮನೆಗೆಲಸಕ್ಕೆ ಬರುವವರಿಗೂ ಹೇಳಿಡಿ. ಪ್ರೀತಿಯಿಂದ ಕೊಡುವವರೇ ಹೆಚ್ಚು.

ಲಸಿಕೆ, ಮತ್ತು ಹೊರಗಿನ ಲೋಕ

ಬಂದ ಎರಡು ದಿನದೊಳಗೆ ಡಾಕ್ಟರಿಗೆ ತೋರಿಸಿ. ಹಳೆಯ ನಾಯಿ ಕೊನೆಯುಸಿರೆಳೆದ ಕ್ಲಿನಿಕ್ಕಿಗೆ ಕಾಲಿಡಲು ಮನಸ್ಸು ಒಪ್ಪದಿದ್ದರೆ ಬೇರೆ ಕಡೆ ಹೋಗಿ, ತಪ್ಪಿಲ್ಲ. ಆದರೆ ಹಳೆಯ ದಾಖಲೆ ಕೇಳಿ ತೆಗೆದುಕೊಂಡು ಹೋಗಿ, ಮನೆಯಲ್ಲಿ ಯಾವ ರೋಗವಿತ್ತು ಎಂಬುದು ಹೊಸ ಡಾಕ್ಟರಿಗೂ ಗೊತ್ತಿರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗಳೂ ಇವೆ. ರಾತ್ರಿ ತೆರೆದಿರುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಎಂದು ಈಗಲೇ ಬರೆದಿಟ್ಟುಕೊಳ್ಳಿ.

ಜಂತುಹುಳುವಿನ ಔಷಧಿ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಪ್ರತಿ ಸಲವೂ ತೂಕ ನೋಡಿ. ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರ್ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವವರೆಗೆ ಲಸಿಕೆಯನ್ನೇ ನಿಷ್ಫಲ ಮಾಡುತ್ತದೆ. ಅದು ಯಾವ ವಾರ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ‘ಎರಡು ಇಂಜೆಕ್ಷನ್ ಆಗಿದೆ’ ಎಂದು ಹತ್ತನೇ ವಾರಕ್ಕೇ ನಿಲ್ಲಿಸಿದ ಮರಿಗಳು ಪಾರ್ವೊಗೆ ಸಿಕ್ಕಿಬೀಳುವುದು ಇದೇ ಕಾರಣಕ್ಕೆ. ಹಲವು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಸೆವೆನ್ ಇನ್ ಒನ್, ನೈನ್ ಇನ್ ಒನ್ ಎನ್ನುವವುಗಳಲ್ಲಿ ಇಲಿಜ್ವರದ ಲಸಿಕೆಯೂ ಇರುತ್ತದೆ, ಬೆಂಗಳೂರಿಗೆ ಅದು ಬೇಕು. ರೇಬಿಸ್ ಲಸಿಕೆ 12 ವಾರ ತುಂಬಿದ ಮೇಲೆ. ಲಸಿಕೆಯಾಗದ ಮರಿಯ ಹಲ್ಲು, ಉಗುರು ತಾಗಿ ರಕ್ತ ಬಂದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ನೀವು ಡಾಕ್ಟರನ್ನು ಕಾಣಿ. ಅರಿಸಿನ, ಸುಣ್ಣ ಹಚ್ಚಬೇಡಿ.

ಮೊದಲ ಎರಡು ವಾರ ಕಣ್ಣಿಟ್ಟಿರಿ. ಪಾರ್ವೊ ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ ಕಾಣಿಸಿಕೊಳ್ಳುವುದು ಹೆಚ್ಚು, ಕೆಲವೊಮ್ಮೆ ಇನ್ನೂ ತಡ. ಊಟ ಬಿಟ್ಟು ಮಂಕಾಗುವುದು, ವಾಂತಿ, ರಕ್ತ ಬೆರೆತ ನಾತದ ಭೇದಿ. ಬೆಳಗಾಗಲಿ ಎಂದು ಕಾಯುವಂತಿಲ್ಲ, ಡ್ರಿಪ್ ಎಷ್ಟು ಬೇಗ ಏರುತ್ತದೋ ಅಷ್ಟು ಆಸೆ.

ಇನ್ನೊಂದು ಕಡೆ, ಲಸಿಕೆ ಮುಗಿಯುವವರೆಗೆ ನಾಲ್ಕು ಗೋಡೆಯೊಳಗೇ ಇಟ್ಟ ಮರಿ ಮುಂದೆ ಆಟೋ ಸದ್ದಿಗೂ ನಡುಗುತ್ತದೆ. ಲೋಕವನ್ನು ನಂಬಲು ಕಲಿಯುವ ವಯಸ್ಸು ಮೂರರಿಂದ ಹದಿನಾಲ್ಕು ವಾರ ಮಾತ್ರ. ಹಾಗಾಗಿ ಎತ್ತಿಕೊಂಡು ಹೊರಡಿ, ನೆಲಕ್ಕೆ ಬಿಡಬೇಡಿ. ತರಕಾರಿ ಗಾಡಿ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೊಡೆ, ಗಾಲಿಕುರ್ಚಿ, ಲಿಫ್ಟು, ಎಲ್ಲ ದೂರದಿಂದ, ಬಾಯಿಗೊಂದು ತಿಂಡಿಯ ಜೊತೆ. ಪಟಾಕಿ ಸದ್ದಿನ ರೆಕಾರ್ಡನ್ನು ಊಟದ ಹೊತ್ತಿಗೆ ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ವಾರವಾರಕ್ಕೆ ಏರಿಸಿ.

ಮನೆಯಲ್ಲಿ ಇನ್ನೊಂದು ನಾಯಿ ಉಳಿದಿದ್ದರೆ

ಜೊತೆಗಾರನನ್ನು ಕಳೆದುಕೊಂಡ ನಾಯಿ ಊಟ ಕಡಿಮೆ ಮಾಡುವುದು, ಬಾಗಿಲು ಕಾಯುವುದು ಉಂಟು. ಅದರ ಬೇಸರ ಕಳೆಯಲೆಂದು ಮರಿ ತರಬೇಡಿ. ಹತ್ತು ದಾಟಿದ, ಕೀಲುನೋವಿನ ನಾಯಿಗೆ ಮರಿ ಸಂಗಾತಿಯಲ್ಲ, ಕಾಟ. ಉಳಿದ ನಾಯಿ ಮೊದಲಿನಂತೆ ಉಣ್ಣಲು ಶುರುಮಾಡಿದ ಮೇಲೆ, ಲಸಿಕೆಗಳನ್ನು ಸರಿಪಡಿಸಿ, ಮೊದಲ ಭೇಟಿ ಮನೆಯ ಹೊರಗೆ, ಬೀದಿನಾಯಿ ಓಡಾಡದ ಜಾಗದಲ್ಲಿ, ಮರಿ ತೋಳಿನಲ್ಲಿರುವಾಗ ಮಾಡಿಸಿ. ಮೂಸಿ ನೋಡಿ ಮುಖ ತಿರುಗಿಸಿದರೆ ಅದೇ ಒಳ್ಳೆಯ ಆರಂಭ. ಊಟ ಬೇರೆ ಬೇರೆ ಕೋಣೆಯಲ್ಲಿ. ಉಳಿದ ನಾಯಿ ಮರಿಗೆ ಗುರ್ ಎಂದರೆ ಬೈಯಬೇಡಿ, ಎಚ್ಚರಿಕೆ ಕೊಡುವುದನ್ನು ನಿಲ್ಲಿಸಿದ ನಾಯಿ ನೇರವಾಗಿ ಕಚ್ಚುತ್ತದೆ. ಮರಿಗೆ ಹತ್ತಲಾಗದ ಒಂದು ಜಾಗ ಅದಕ್ಕೆ ಮೀಸಲಿರಲಿ, ದಿನಕ್ಕೊಂದು ಸುತ್ತು ಅದೊಂದನ್ನೇ ಕರೆದುಕೊಂಡು ಹೋಗಿ.

ಕಾಗದಪತ್ರ

ಸಂತಾನಹರಣ ಚಿಕ್ಕ ನಾಯಿಗಳಿಗೆ ಆರು ತಿಂಗಳ ಆಸುಪಾಸು. ದೊಡ್ಡ ತಳಿಗಳಿಗೆ ಮೂಳೆ ಬಲಿತ ಮೇಲೆ, ಒಂದು ವರ್ಷದ ಹತ್ತಿರ, ಡಾಕ್ಟರು ಹೇಳಿದಂತೆ. ಹಳೆಯ ನಾಯಿಯ ಹೆಸರಿನ ಪಾಲಿಕೆ ಲೈಸೆನ್ಸ್, ಚಿಪ್ ದಾಖಲೆ, ಅಪಾರ್ಟ್‌ಮೆಂಟಿನ ಪಟ್ಟಿಯಲ್ಲಿದ್ದ ಹೆಸರನ್ನು ತೆಗೆಸಿ ಮರಿಯದನ್ನು ಹೊಸದಾಗಿಯೇ ಮಾಡಿಸಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮ ಬಡಾವಣೆ ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡು ಹೋಗಿ. ಲಸಿಕೆ ಪುಸ್ತಕದಲ್ಲಿ ಪ್ರತಿ ಚುಚ್ಚುಮದ್ದಿನ ಬ್ಯಾಚ್ ಚೀಟಿ ಅಂಟಿಸಿ, ಡಾಕ್ಟರ ಸಹಿ, ಮೊಹರು ಹಾಕಿಸಿಕೊಳ್ಳಿ. ಊರಿಗೆ ಹೋಗುವಾಗ ಮರಿಯನ್ನು ಬೋರ್ಡಿಂಗಿನಲ್ಲಿ ಬಿಡಲು, ರೈಲಿನಲ್ಲಿ ಕರೆದೊಯ್ಯಲು ಮೊದಲು ಕೇಳುವುದು ಆ ಪುಸ್ತಕವನ್ನೇ.